ಸೀಸದ ಏಪ್ರನ್ನಿನ ಮಡಿಕೆ

ಬಟ್ಟೆ ಮಡಚುವುದರಲ್ಲಿ ನನ್ನ ಕೈ ಚೆಂದ ಎಂದು ಹೊಳನಗದ್ದೆಯಲ್ಲಿ ನಮ್ಮ ಕೇರಿಯವರೆಲ್ಲ ಹೇಳುತ್ತಾರೆ. ಮಗಳು ಅಂಕಿತಾಳ ಯೂನಿಫಾರ್ಮಿಗೆ ಇಸ್ತ್ರಿ ಬೇಕಾಗುವುದಿಲ್ಲ. ಒಣಗಿದ ಕೂಡಲೇ ಅಂಗೈಯಲ್ಲಿ ನೀವಿ ಮಡಚಿಟ್ಟರೆ ಸಾಕು. ಈ ಜಂಬವನ್ನು ನಾನು ಕುಮಟೆಯ ಆಸ್ಪತ್ರೆಗೂ ಹೊತ್ತುಕೊಂಡು ಹೋಗಿದ್ದೆ. ಎಂಟು ವರ್ಷಗಳಿಂದ ಅಲ್ಲಿ ಎಕ್ಸ್‌ರೇ ಕೋಣೆಯ ಆಯಾ ನಾನು.

ಕೋಣೆಯಲ್ಲಿ ಒಂದು ಸೀಸದ ಏಪ್ರನ್ ಇತ್ತು. ನೀಲಿ ಬಣ್ಣದ್ದು, ಒದ್ದೆ ಕಂಬಳಿಯ ಹಾಗೆ ಭಾರ. ಅಳುವ ಮಕ್ಕಳನ್ನು ಹಿಡಿದುಕೊಳ್ಳುವವರು ಅದನ್ನು ಕಟ್ಟಿಕೊಂಡರೆ ಕಿರಣ ಮೈಗೆ ತಾಗುವುದಿಲ್ಲ ಎಂಬಷ್ಟೇ ನನಗೆ ಗೊತ್ತಿದ್ದದ್ದು. ಮೊದಲು ಅದು ಕಬ್ಬಿಣದ ಸ್ಟ್ಯಾಂಡಿನಲ್ಲಿ ತೂಗಾಡುತ್ತಿತ್ತು. ಸಮುದ್ರದ ಗಾಳಿಗೆ ಸ್ಟ್ಯಾಂಡು ತುಕ್ಕು ಹಿಡಿದು ಏಪ್ರನ್ನಿಗೆ ಕೆಂಪು ಕಲೆ ಬೀಳತೊಡಗಿದಾಗ ನಾನೇ ಅದನ್ನು ಇಳಿಸಿ, ಒರೆಸಿ, ನಾಲ್ಕು ಮಡಿಕೆ ಮಾಡಿ, ನಡುವೆ ಎರಡು ನುಸಿಗುಳಿಗೆ ಹಾಕಿ ಕಪಾಟಿನಲ್ಲಿಟ್ಟೆ. ಆಮೇಲೆ ದಿನವೂ ಸಂಜೆ ಅದೇ ಗೆರೆಯ ಮೇಲೆ ಅದೇ ಮಡಿಕೆ.

ಎಕ್ಸ್‌ರೇ ತೆಗೆಯುವ ಶ್ರೀಧರಣ್ಣ ಒಮ್ಮೆ, ಅದನ್ನು ಮಡಚಬಾರದಂತೆ ಎಂದಿದ್ದ. "ನಿಮ್ಮನೇಲಿ ಬಟ್ಟೆ ಗುಡ್ಡೆ ಹಾಕಿ ಇಡೂದೇನೋ. ಇಲ್ಲಿ ಹಾಂಗೆ ಆಗೂದಿಲ್ಲ" ಎಂದು ನಾನು ನಗಾಡಿದೆ. ಅವನೂ ನಕ್ಕ. ಜಗಳಕ್ಕೆ ಬರುವ ಮನುಷ್ಯ ಅಲ್ಲ ಅವ, ಮತ್ತೆ ಹೇಳಲಿಲ್ಲ.

ಕಳೆದ ತಿಂಗಳು ನಮಗೆಲ್ಲ ವಿಕಿರಣದ ಬಗ್ಗೆ ತಿಳಿಸಿ ಹೇಳಲು ಮಂಗಳೂರಿನಿಂದ ಮೋಹನ ಎಂಬವರು ಬಂದರು. ಡಾಕ್ಟರು ಕೈ ಖಾಲಿ ಇದ್ದವರನ್ನೆಲ್ಲ ಕರೆದರು. ಒಂದು ಗಂಟೆ ಮಾತಾಡಿದ ಮೇಲೆ ಮೋಹನ ಸರ್ ಏಪ್ರನ್ ಕೇಳಿದರು. ನಾನು ಓಡಿಹೋಗಿ ತಂದುಕೊಟ್ಟೆ. ಅದರ ಅಂಚು ಅಂಚಿಗೆ ಸರಿಯಾಗಿ ಕೂತಿದ್ದನ್ನು ಅವರು ನೋಡಲಿ ಎಂಬ ಆಸೆ ನನಗಿತ್ತು. ಅವರು ಅದನ್ನು ಬಿಚ್ಚಿ ಮೇಜಿನ ಮೇಲೆ ಹಾಸಿ, ನಮ್ಮನ್ನೆಲ್ಲ ಹೊರಗೆ ನಿಲ್ಲಿಸಿ, ಏಪ್ರನ್ನಿನದೇ ಒಂದು ಎಕ್ಸ್‌ರೇ ತೆಗೆಸಿದರು.

ಕಂಪ್ಯೂಟರಿನ ಪರದೆಯಲ್ಲಿ ಬೆಳ್ಳಗಿನ ಏಪ್ರನ್ ಕಾಣಿಸಿತು. ಅದರ ನಡುವೆ ಅಡ್ಡಕ್ಕೊಂದು, ಉದ್ದಕ್ಕೊಂದು ಕಪ್ಪು ಗೆರೆ. ಒಳಗಿನ ಸೀಸ ಬಿರುಕು ಬಿಟ್ಟಿದೆ, ಈ ಗೆರೆಗಳಲ್ಲಿ ಕಿರಣ ನೇರ ಒಳಗೆ ಹೋಗುತ್ತದೆ, ಮಡಚಿದರೆ ಹೀಗೇ ಆಗುವುದು ಎಂದರು ಅವರು. ಎರಡು ಗೆರೆ ಕೂಡುವ ಜಾಗ ಸರಿಯಾಗಿ ಹೊಟ್ಟೆಯ ಮೇಲೆ ಬರುವಂಥದ್ದು.

ನನ್ನ ಕಣ್ಣು ನರ್ಸ್ ರಂಜಿತಾಳನ್ನು ಹುಡುಕಿತು. ಬಾಗಿಲ ಹತ್ತಿರ ನಿಂತು ಪರದೆಯನ್ನೇ ನೋಡುತ್ತಿದ್ದಳು. ಅವಳು ಭಟ್ಕಳದ ಹತ್ತಿರದ ಮುಟ್ಟಳ್ಳಿಯ ಹುಡುಗಿ, ಹೊನ್ನಾವರಕ್ಕೆ ಕೊಟ್ಟದ್ದು. ಈಗ ಐದು ತಿಂಗಳ ಬಸುರಿ. ಎರಡನೇ ತಿಂಗಳಲ್ಲಿ ಆ ವಿಷಯ ಅವಳು ಆಸ್ಪತ್ರೆಯಲ್ಲಿ ಹೇಳಿಕೊಂಡದ್ದು ನನಗೊಬ್ಬಳಿಗೇ. ಆ ವಾರವೇ ಅಘನಾಶಿನಿ ಊರಿನಿಂದ ಕೈ ಮುರಿದ ಒಂದು ಹೆಣ್ಣುಮಗುವನ್ನು ತಂದರು. ಮಗು ಒಂದೇ ಸಮ ಕೊಸರಾಡುತ್ತಿತ್ತು. ತಾಯಿ ಹೊರಗೆ ತಲೆಸುತ್ತಿ ಕೂತಿದ್ದಳು. ಯಾರಾದರೂ ಹಿಡಿದುಕೊಳ್ಳಿ ಎಂದ ಶ್ರೀಧರಣ್ಣ. ಮಗುವನ್ನು ಎತ್ತಿಕೊಂಡು ಬಂದಿದ್ದ ರಂಜಿತಾ ನನ್ನ ಮುಖ ನೋಡಿದಳು. ನಾನು ನೆಲ ಒರೆಸುತ್ತಿದ್ದೆ, ಕೈಯೆಲ್ಲ ಫಿನಾಯಿಲ್ ಆಗಿತ್ತು. ಒರೆಸಿಕೊಳ್ಳಲು ಎಷ್ಟು ಹೊತ್ತು ಬೇಕು? ಆದರೂ ನಾನು ಮಾಡಿದ್ದು ಬೇರೆ. ಏಪ್ರನ್ ತೆಗೆದು ಅವಳ ಬೆನ್ನ ಹಿಂದೆ ನಿಂತು ಬಿಗಿಯಾಗಿ ಗಂಟು ಹಾಕಿದೆ.

"ಎಂತ ಆಗೂದಿಲ್ಲ ತಂಗಿ. ಇದು ಸೀಸದ್ದು" ಎಂದೆ, ಕಿವಿಯ ಹತ್ತಿರ ಮೆಲ್ಲಗೆ.

ಗಂಟು ಹಾಕಲು ಅದೇ ಒದ್ದೆ ಕೈ ಸಾಕಾಗಿತ್ತು.

ಪರದೆಯ ಮುಂದೆ ನಿಂತಿದ್ದ ಡಾಕ್ಟರು, ಇದನ್ನು ಮಡಚುವವರು ಯಾರು ಎಂದು ಕೇಳಿದರು. ಕೋಣೆಯ ಜವಾಬ್ದಾರಿ ನನ್ನದು ಸರ್, ತಪ್ಪು ನನ್ನದೇ ಎಂದ ಶ್ರೀಧರಣ್ಣ. ಡಾಕ್ಟರು ಎಲ್ಲರೆದುರೇ ಅವನನ್ನು ಬೈದರು. ಅವ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಏಪ್ರನ್ನನ್ನು ಎತ್ತಿಕೊಂಡು, ಅಭ್ಯಾಸಬಲದಿಂದ ಅರ್ಧ ಮಡಚಿ, ಬೆಂಕಿ ತಾಗಿದವಳ ಹಾಗೆ ಬಿಟ್ಟುಬಿಟ್ಟೆ.

ತಲೆ ಎತ್ತಿದಾಗ ರಂಜಿತಾ ಇರಲಿಲ್ಲ. ಅವಳ ಡ್ಯೂಟಿ ಮುಗಿದಿತ್ತು. ಬಸ್ ನಿಲ್ದಾಣಕ್ಕೆ ಓಡಿದೆ. ಹೊನ್ನಾವರದ ಬಸ್ಸು ನಿಂತಿತ್ತು. ಅವಳು ಹತ್ತದೆ, ಚೀಲವನ್ನು ಹೊಟ್ಟೆಗೆ ಒತ್ತಿಕೊಂಡು ಕಂಬದ ಹತ್ತಿರ ನಿಂತಿದ್ದಳು.

"ಶ್ರೀಧರಣ್ಣ ಅದನ್ನ ಮಡಚಿದ್ದು ನಾ ಒಂದಿನಾನೂ ಕಂಡಿಲ್ಲ ಅಕ್ಕಾ" ಎಂದಳು ಅವಳೇ. "ನೀವು ಹೇಳ್ತ್ರಿ ಅಂತ ಕಾದೆ."

"ನಾನೇ ಮಡಚಿದ್ದು" ಎಂದೆ. "ಅವತ್ತು ನಾ ಹಿಡ್ಕಬೇಕಿತ್ತು. ನಿನ್ನ ಕಳಿಸ್ದೆ."

"ನಂಗೆ ಹೇಳಿ ಎಂತ ಮಾಡೂದು? ಅಲ್ಲಿ ಹೇಳಿ."

ಅವಳು ಬಸ್ಸು ಹತ್ತಿದಳು. ಕಿಟಕಿಯ ಬದಿಯೇ ಕೂತರೂ ಹೊರಗೆ ನೋಡಲಿಲ್ಲ.

ನಾನು ಮರಳಿ ಹೋದಾಗ ಮೋಹನ ಸರ್ ಹೊರಡುವ ತಯಾರಿಯಲ್ಲಿದ್ದರು. ಡಾಕ್ಟರ ಎದುರಿಗೇ, ಶ್ರೀಧರಣ್ಣನ ಎದುರಿಗೇ ಎಲ್ಲ ಹೇಳಿದೆ: ಮಡಿಕೆ, ಅವ ಬೇಡವೆಂದದ್ದು, ನಾನು ನಗಾಡಿದ್ದು, ರಂಜಿತಾಳ ಎರಡನೇ ತಿಂಗಳು, ಫಿನಾಯಿಲ್ ಕೈ. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಮೋಹನ ಸರ್ ಕೂತು, ಎಷ್ಟು ಫೋಟೋ ತೆಗೆದದ್ದು, ಅವಳು ಎಲ್ಲಿ ನಿಂತಿದ್ದಳು ಎಂದು ಶ್ರೀಧರಣ್ಣನನ್ನು ಕೇಳಿ ಬರೆದುಕೊಂಡರು. ಆಮೇಲೆ ಡಾಕ್ಟರ ಫೋನಿನಿಂದ ತಾವೇ ಅವಳಿಗೆ ಹೇಳಿದರು. ಒಂದೇ ಫೋಟೋ, ಅದೂ ಕೈಯದ್ದು. ಅವಳು ಬದಿಯಲ್ಲಿ ನಿಂತದ್ದು. ಅವಳಿಗೆ ತಾಗಿದ್ದು ತೀರಾ ಕಡಿಮೆ, ಹೊಟ್ಟೆಯಲ್ಲಿರುವ ಮಗುವಿಗೆ ಇದರಿಂದ ಹೆದರಬೇಕಾದದ್ದಿಲ್ಲ. ಆದರೆ ಏಪ್ರನ್ ಸರಿಯಾಗಿದ್ದರೂ ಬಸುರಿಯನ್ನು ಒಳಗೆ ನಿಲ್ಲಿಸಬಾರದಿತ್ತು. ಆ ಕಡೆಯಿಂದ "ಆತು ಸರ್" ಎಂಬುದು ಮಾತ್ರ ನನಗೆ ಕೇಳಿತು.

ಹೊರಗೆ ಬಂದಾಗ ಶ್ರೀಧರಣ್ಣ, ಗಟ್ಟಿಯಾಗಿ ಹೇಳದೆ ಬಿಟ್ಟದ್ದು ತನ್ನದೂ ತಪ್ಪು ಎಂದ. ಆ ಮಾತಿನಿಂದ ನನ್ನ ಭಾರ ಗುಂಜಿಯಷ್ಟೂ ಇಳಿಯಲಿಲ್ಲ.

ಈಗ ಹೊಸ ಏಪ್ರನ್ ಬಂದಿದೆ, ಗೋಡೆಗೆ ತುಕ್ಕು ಹಿಡಿಯದ ಸ್ಟೀಲಿನ ದಪ್ಪ ಸರಳು ಹಾಕಿಸಿದ್ದಾರೆ. ಸಂಜೆ ಅದರ ಮೇಲೆ ಉದ್ದಕ್ಕೆ ತೂಗುಹಾಕಿ ಬರುತ್ತೇನೆ. ಮನೆಯಲ್ಲಿ ಅಂಕಿತಾಳ ಯೂನಿಫಾರ್ಮ್ ಮಡಚುವಾಗ ಕೈ ನಿಲ್ಲುತ್ತದೆ. ಎಂತಾಯ್ತು ಅಮ್ಮಾ ಎಂದು ಅವಳು ಕೇಳಿದರೆ ಏನಿಲ್ಲ ಎನ್ನುತ್ತೇನೆ.

ಮೊನ್ನೆ ಮಧ್ಯಾಹ್ನ ರಂಜಿತಾ ವಾರ್ಡಿನಿಂದ ಒಂದು ಮಗುವನ್ನು ಎತ್ತಿಕೊಂಡು ಬಂದಳು. ಆ ದಿನದಿಂದ ಅವಳು ನನ್ನೊಡನೆ ಕೆಲಸದ ಮಾತಲ್ಲದೆ ಬೇರೆ ಆಡಿಲ್ಲ. ಮಗುವಿನ ಜೊತೆಗೆ ಬಂದದ್ದು ಅಜ್ಜಿ. ಮಗುವನ್ನು ಅದುಮಿ ಹಿಡಿಯುವಷ್ಟು ಕಸುವು ಆ ಮುದುಕಿಗಿರಲಿಲ್ಲ. ನಾನು ನೆಲ ಒರೆಸುವುದನ್ನು ಬಿಟ್ಟು ಎದ್ದೆ, ಏಪ್ರನ್ ಇಳಿಸಿ ಕಟ್ಟಿಕೊಂಡೆ. ರಂಜಿತಾ ಹೊಸ್ತಿಲಿನಿಂದ ಈಚೆ ಕಾಲಿಡದೆ ಮಗುವನ್ನು ಮುಂದೆ ಚಾಚಿದಳು. ನಾನು ತೋಳು ನೀಡಿದರೂ ತಕ್ಷಣ ಬಿಡಲಿಲ್ಲ.

"ಕೈ ಒರಸ್ಕಂಡ್ರಾ?" ಎಂದು ಕೇಳಿದಳು.

ನಾನು ಎರಡೂ ಅಂಗೈ ತೋರಿಸಿದೆ. ಅವಳು ನೋಡಿದಳು. ಆಮೇಲೆ ಮಗುವನ್ನು ಕೊಟ್ಟಳು.