ನಾಲ್ಕಿಂಚಿನ ಗೋಡೆ

ಗೋಡೆಯ ಆಚೆ ಯಾರಿದ್ದಾರೆ ಎಂದು ನಂದೀಶ್ ಕೇಳಿದಾಗ ಪ್ರಭುದೇವ ‘ಯಾರೋ ಬಾಡಿಗೆಯವರು’ ಎಂದುಬಿಟ್ಟ.

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಆಶ್ಚರ್ಯವಾಯಿತು. ಆಚೆ ಇದ್ದವನು ಅವನ ಸ್ವಂತ ಅಣ್ಣ, ಚಂದ್ರಶೇಖರಯ್ಯ.

ಸ್ಪೀಕರ್ ಕೂರಿಸಲು ಬಂದಿದ್ದ ನಂದೀಶ್ ಏಣಿಯ ಮೇಲೆ ನಿಂತು ಬೆರಳ ಗೆಣ್ಣಿನಿಂದ ಸೋಫಾದ ಹಿಂದಿನ ಗೋಡೆ ತಟ್ಟಿದ. ಸದ್ದು ಟೊಳ್ಳಾಗಿತ್ತು.

“ನಾಲ್ಕಿಂಚಿನ ಗೋಡೆ ಸಾರ್. ಆಮೇಲೆ ಎಬ್ಬಿಸಿರೋದು.”

“ಹೌದು.”

“ಗಟ್ಟಿ ಇಲ್ಲ. ಸ್ವಲ್ಪ ಜಾಸ್ತಿ ಒತ್ತಿದ್ರೆ ಡ್ರಿಲ್ ಆಚೆ ಹೋಗ್ಬಿಡತ್ತೆ.”

“ನೋಡ್ಕೊಂಡು ಹಾಕಿ.”

ಚಾಮರಾಜಪೇಟೆಯ ಈ ಮನೆಯ ನಡುಮನೆಯನ್ನು ಆ ಗೋಡೆ ಎರಡು ಮಾಡಿ ಹದಿಮೂರು ವರ್ಷವಾಗಿತ್ತು. ಬೀದಿಯ ಕಡೆಯ ಕಿಟಕಿಗಳು ಆಚೆಗೆ ಹೋದವು, ಮರದ ಕಂಬಗಳು ಈಚೆಗೆ ಉಳಿದವು. ಪಾಲಿನಲ್ಲಿ ಜಗಳವೇನೂ ಆಗಿರಲಿಲ್ಲ. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. ಅಪ್ಪ ಹೋದ ಮೇಲೆ ತರಗುಪೇಟೆಯ ಬೇಳೆ ಅಂಗಡಿಯಲ್ಲಿ ಕೂತು, ತಾನು ಓದದೆ, ತಮ್ಮನನ್ನು ಎಂ.ಎ.ವರೆಗೆ ಓದಿಸಿದವನು ಅಣ್ಣ. ಅಮ್ಮ ತೀರಿಕೊಂಡ ಹನ್ನೊಂದನೆಯ ದಿನ, ನೆಂಟರೆಲ್ಲ ಊಟಕ್ಕೆ ಕೂತಿದ್ದಾಗ, “ಯಾಕೋ ಪ್ರಭು, ನನ್ ಜೊತೆ ಮಾತೇ ಆಡಲ್ವಲ್ಲ ನೀನು?” ಎಂದು ಕೇಳಿದ್ದ.

“ನಿನ್ ಜೊತೆ ಆಡೋಕೆ ನನಗೆ ವಿಷಯಾನೇ ಇಲ್ಲಣ್ಣ” ಎಂದಿದ್ದ ಪ್ರಭುದೇವ.

ಸಿಟ್ಟಿನಿಂದಲ್ಲ. ಕಾಲೇಜಿನಲ್ಲಿ ಅರ್ಥಶಾಸ್ತ್ರದ ವ್ಯಾಖ್ಯೆ ಬರೆಸುವಷ್ಟೇ ತಣ್ಣಗೆ. ನಿಜ ಹೇಳಿದೆನೆಂದು ಆಗ ಒಂದು ಬಗೆಯ ಹೆಮ್ಮೆಯೂ ಆಗಿತ್ತು. ಅಣ್ಣ ಎಲೆ ಬಿಟ್ಟು ಏಳಲಿಲ್ಲ. ಪಾಯಸ ಮುಗಿಸಿ, ಕೈ ತೊಳೆದು, ಮುಂದಿನ ತಿಂಗಳು ಇಟ್ಟಿಗೆ ತರಿಸಿದ. ಆಮೇಲೆ ಇಬ್ಬರ ನಡುವೆ ಮಾತಿರಲಿಲ್ಲ.

ನಂದೀಶ್ ಪೆನ್ಸಿಲಿನಿಂದ ಗುರುತು ಹಾಕಿಕೊಂಡ. “ಐದು ಸ್ಪೀಕರ್ ಇದಾವಲ್ಲ ಸಾರ್, ಈಗಾಗ್ಲೇ. ಇದು ಬರೀ ಎಫೆಕ್ಟ್‌ಗೆ. ಮಾತು ಇದರಲ್ಲಿ ಬರಲ್ಲ, ಹಾಡೂ ಬರಲ್ಲ.”

“ಮತ್ತೇನು ಬರತ್ತೆ?”

“ಸುತ್ತಮುತ್ತಲಿಂದು. ಗಾಳಿ, ಹೆಜ್ಜೆ ಸದ್ದು. ಹಿಂದೆ ಯಾರೋ ಬಂದು ನಿಂತಂಗೆ.”

ಅದಕ್ಕಾಗಿಯೇ ಪ್ರಭುದೇವ ಮೂರು ತಿಂಗಳಿಂದ ಕಂಪ್ಯೂಟರಿನ ಮುಂದೆ ಕೂತು ಸ್ಪೀಕರುಗಳ ವಿಮರ್ಶೆ ಓದಿದ್ದ. ಸಂಜೆ ಸಿನಿಮಾ ಹಚ್ಚಿದರೆ ಸದ್ದೆಲ್ಲ ಎದುರಿಂದ, ಪಕ್ಕಗಳಿಂದಲೇ ಬರುತ್ತಿತ್ತು. ಬೆನ್ನ ಹಿಂದೆ ಖಾಲಿ ಎನಿಸುತ್ತಿತ್ತು. ಹೆಂಡತಿ ಶಿವರಂಜಿನಿ ಸಿನಿಮಾ ನೋಡುತ್ತಿರಲಿಲ್ಲ. ಒಳಕೋಣೆಯಲ್ಲಿ ಫೋನು ಹಿಡಿದು ಮಲಗುತ್ತಿದ್ದಳು. ಈ ಭಾನುವಾರ ಬೆಳಿಗ್ಗೆಯೇ ಮಲ್ಲೇಶ್ವರಂನ ಅಕ್ಕನ ಮನೆಗೆ ಹೊರಟುಹೋಗಿದ್ದಳು. ‘ಎಷ್ಟೊತ್ತಿಗೆ ಬರ್ತೀಯ?’ ಎಂದರೆ ‘ನೋಡ್ತೀನಿ’ ಎಂದಿದ್ದಳು.

ಡ್ರಿಲ್ ಕಿರುಚಿತು. ಕೆಂಪು ಪುಡಿ ಉದುರಿತು. ಎರಡನೆಯ ತೂತಿನಲ್ಲಿ ಕಿರುಚುವಿಕೆ ಒಮ್ಮೆಲೇ ಹಗುರಾಗಿ ನಂದೀಶನ ಕೈ ಮುಂದಕ್ಕೆ ಜಾರಿತು.

“ಹೋಯ್ತು ಸಾರ್.”

ಡ್ರಿಲ್ ಎಳೆದುಕೊಂಡಾಗ ಗೋಡೆಯಲ್ಲಿ ಕಡಲೆ ಗಾತ್ರದ ಬೆಳಕು ಉಳಿಯಿತು.

“ಅದಕ್ಕೇ ಹೇಳಿದ್ದು. ಪೌಡರ್ ಇಟ್ಟಿಗೆ. ನಾನು ಕಲಾಸಿಪಾಳ್ಯಕ್ಕೆ ಹೋಗಿ ತೂತು ಮುಚ್ಚೋಕೆ ಪುಟ್ಟಿ ತಂದ್ಬಿಡ್ತೀನಿ. ಆಚೆಯವರಿಗೆ ಒಂದು ಮಾತು ಹೇಳ್ಬಿಡಿ ಸಾರ್, ಬೈಕೋತಾರೆ.”

ಬೈಕ್ ಸದ್ದು ದೂರವಾಯಿತು. ಪ್ರಭುದೇವ ಏಣಿಯ ಬುಡದಲ್ಲಿ ನಿಂತು ತೂತನ್ನು ನೋಡಿದ. ಆಚೆಯಿಂದ ಯಾರೂ ಬೈಯಲಿಲ್ಲ. ಐವತ್ತೆರಡು ವರ್ಷದ ತಾನು ಏಣಿ ಹತ್ತುತ್ತಿರುವುದು ತೂತಿನ ಆಳ ನೋಡುವುದಕ್ಕೆ ಎಂದು ತನಗೇ ಹೇಳಿಕೊಂಡು ಹತ್ತಿದ. ಕಣ್ಣಿಡಲು ಧೈರ್ಯವಾಗದೆ ಕಿವಿಯಿಟ್ಟ.

ಅತ್ತಿಗೆ ಶೈಲಜಮ್ಮನ ದನಿ, ಪಕ್ಕದಲ್ಲೇ ನಿಂತಷ್ಟು ಸ್ಪಷ್ಟವಾಗಿ.

“ನೀರು ಅನ್ನಿ.”

ಆಮೇಲೆ ದಪ್ಪ ನಾಲಿಗೆಯ, ಒದ್ದೆ ಬಟ್ಟೆ ಎಳೆದಂಥ ದನಿ: “ನೀ... ಉ.”

“ನೀರು. ರು.”

“ನೀ... ಉ.”

“ಆಯ್ತು. ಲೋಟ ಅನ್ನಿ.”

“ಓಟ.”

ಯಾವುದೋ ಮಗುವಿಗೆ ಕಲಿಸುತ್ತಿದ್ದಾರೆ ಎಂದುಕೊಂಡ ಪ್ರಭುದೇವ. ಆ ಮನೆಯಲ್ಲಿ ಮಗುವಿಲ್ಲ ಎಂಬುದು ಹೊಳೆಯಲು ಎರಡು ಪದ ಹಿಡಿಯಿತು. ಅಂಗಡಿಯ ಬಾಗಿಲಲ್ಲಿ ನಿಂತು ಬೀದಿಯ ತುದಿಯ ಹಮಾಲಿಯನ್ನು ಕರೆಯುತ್ತಿದ್ದ ದನಿ ಅದು.

“ಈಗ ತಮ್ಮನ ಹೆಸರು ಹೇಳಿ” ಎಂದರು ಶೈಲಜಮ್ಮ. “ಪ್ರಭು. ಅನ್ನಿ, ಪ್ರ-ಭು.”

“ಪ...” ಉಸಿರು ಕಟ್ಟಿಕೊಂಡಂತಾಯಿತು. “ಪ... ಪ...”

“ನಿಧಾನ.”

“ಪ...”

“ಬಿಡಿ. ಅದು ಕಷ್ಟ. ನಾಳೆ ನೋಡೋಣ. ಬಾಗಿಲು ಅನ್ನಿ.”

“ಬಾಗ್ಲು.”

“ನೋಡಿದ್ರಾ, ಎಷ್ಟು ಚೆನ್ನಾಗಿ ಬಂತು.”

ಪ್ರಭುದೇವ ಕಿವಿ ತೆಗೆದು ಬಾಯನ್ನು ತೂತಿನ ಹತ್ತಿರ ತಂದ. ತುಟಿಗೆ ಇಟ್ಟಿಗೆಯ ಪುಡಿ ಹತ್ತಿತು. ‘ಅಣ್ಣ’ ಎಂದರೆ ಸಾಕಿತ್ತು. ಒತ್ತಕ್ಷರವೊಂದನ್ನು ಬಿಟ್ಟರೆ ಕಷ್ಟವೇನೂ ಇರಲಿಲ್ಲ. ಇಪ್ಪತ್ತಾರು ವರ್ಷ ಪಾಠ ಹೇಳಿದ ಗಂಟಲು. ಕರೆದ ಮೇಲೆ ಏನು ಹೇಳುವುದು ಎಂಬ ಯೋಚನೆ ಬಂತು. ಯೋಚನೆ ಬಂದದ್ದೇ ತಡ, ಬಾಯಿ ಮುಚ್ಚಿಕೊಂಡಿತು. ಅವನು ಇಳಿದು ಹೆಂಡತಿಗೆ ಫೋನ್ ಮಾಡಿದ.

“ಅಣ್ಣನಿಗೆ ಲಕ್ವ ಹೊಡೆದಿದೆ.”

“ಹೂಂ” ಎಂದಳು ಶಿವರಂಜಿನಿ. ಹಿಂದೆ ಒಗ್ಗರಣೆಯ ಸದ್ದು, ಯಾರದೋ ನಗು.

“ಯಾವಾಗ?”

“ಯುಗಾದಿ ಆಗಿ ಹದಿನೈದು ದಿನಕ್ಕೆ.”

“ನನಗೆ ಹೇಳ್ಬೇಕಿತ್ತು ನೀನು.”

“ಹೇಳಿದ್ದೆ.”

“ಯಾವಾಗ ಹೇಳಿದ್ದೆ?”

“ಆಸ್ಪತ್ರೆಯಿಂದ ಬಂದ ದಿನಾನೇ. ನೀವು ಸ್ಪೀಕರ್ ನೋಡ್ತಾ ಕೂತಿದ್ರಿ. ಹೂಂ ಅಂದ್ರಿ.” ಅವಳ ದನಿಯಲ್ಲಿ ದೂರು ಇರಲಿಲ್ಲ. “ನಾನು ವಾರಕ್ಕೆರಡು ಸಲ ಹೋಗಿ ಕೂತಿದ್ದು ಬರ್ತೀನಿ. ಅದನ್ನೂ ಹೇಳಿದೀನಿ.”

ಅವನು ನೆನಪಿಸಿಕೊಳ್ಳಲು ನೋಡಿದ. ಆ ದಿನ ನೆನಪಿಗೆ ಬರಲಿಲ್ಲ. ಆದರೆ ಆ ‘ಹೂಂ’ ತನ್ನದೇ ಎಂಬುದರಲ್ಲಿ ಅನುಮಾನವಿರಲಿಲ್ಲ.

“ಚಿತ್ರಾನ್ನ ಮುಚ್ಚಿಟ್ಟಿದೀನಿ, ತಿನ್ನಿ” ಎಂದು ಅವಳು ಫೋನಿಟ್ಟಳು.

ಅಣ್ಣನ ಮನೆಯ ಗೇಟಿಗೆ ಹದಿನಾಲ್ಕು ಹೆಜ್ಜೆ. ಎಣಿಸಬೇಕೆಂದು ಎಣಿಸಲಿಲ್ಲ, ಎಣಿಸಿಕೊಂಡಿತು. ಚಪ್ಪಲಿ ಮೆಟ್ಟದೆ ಬಂದಿದ್ದನ್ನು ಬಿಸಿ ಕಲ್ಲಿನ ಮೇಲೆ ನಿಂತಾಗ ಗಮನಿಸಿದ. ಬಾಗಿಲು ತೆರೆದ ಶೈಲಜಮ್ಮ ಅವನನ್ನು ನೋಡಿ ಸೆರಗು ಸರಿಮಾಡಿಕೊಂಡರು. ಕೂದಲು ಪೂರ್ತಿ ಬೆಳ್ಳಗಾಗಿತ್ತು.

“ಗೋಡೆ ತೂತಾಯ್ತು” ಎಂದ.

“ನೋಡ್ದೆ. ಪುಡಿ ಮಂಚದ ಮೇಲೆ ಬಿತ್ತು. ಒರೆಸಿದೀನಿ.”

“ಮುಚ್ಚಿಸ್ತೀನಿ. ಪುಟ್ಟಿ ತರೋಕೆ ಹೋಗಿದಾರೆ.”

“ಆಗ್ಲಿ.”

ಅವರ ಹೆಗಲ ಮೇಲಿಂದ ಒಳಗೆ ಕಾಣುತ್ತಿತ್ತು. ಪ್ಲಾಸ್ಟಿಕ್ ಕುರ್ಚಿಯಲ್ಲಿ, ಬಾಗಿಲಿಗೆ ಬೆನ್ನು ಹಾಕಿ, ಒಬ್ಬ ಮುದುಕ ಕೂತಿದ್ದ. ಬಲಗೈ ತೊಡೆಯ ಮೇಲೆ, ಯಾರೋ ಮರೆತುಹೋದ ವಸ್ತುವಿನಂತೆ ಬಿದ್ದಿತ್ತು.

“ಬನ್ನಿ ಒಳಗೆ” ಎಂದರು ಶೈಲಜಮ್ಮ. ಮದುವೆಯಾಗಿ ಬಂದಾಗ ಹೈಸ್ಕೂಲಿನಲ್ಲಿದ್ದ ಅವನನ್ನು ಅವರು ಯಾವತ್ತೂ ‘ಬಾರೋ’ ಎಂದೇ ಕರೆದಿದ್ದು. ಆ ‘ಬನ್ನಿ’ ಅವನನ್ನು ಹೊಸ್ತಿಲಲ್ಲೇ ನಿಲ್ಲಿಸಿತು. ಅಥವಾ ಹಾಗೆಂದು ಅವನು ಅಂದುಕೊಂಡ. ನೆಪವೊಂದು ಸಿಕ್ಕ ಸಮಾಧಾನವೂ ಅದರಲ್ಲಿತ್ತು.

“ಇಲ್ಲ... ಕೆಲಸದೋರು ಬರ್ತಾರೆ ಈಗ. ಆಮೇಲೆ ಬರ್ತೀನಿ.”

“ಆಗ್ಲಿ” ಎಂದರು. ಯಾವಾಗ ಎಂದು ಕೇಳಲಿಲ್ಲ. ಬಾಗಿಲು ಮುಚ್ಚುವಾಗ ಸದ್ದಾಗದಂತೆ ಮುಚ್ಚಿದರು.

ನಂದೀಶ್ ಮರಳಿ ಬಂದು ಹೆಬ್ಬೆರಳಿನಿಂದ ಪುಟ್ಟಿ ಒತ್ತಿದ. ಬೆಳಕು ಹೋಯಿತು. ಇನ್ನಷ್ಟು ಮೇಲಕ್ಕೆ ಬೇರೆ ತೂತು ಕೊರೆದು ಸ್ಪೀಕರ್ ಕೂರಿಸಿದ. ಇನ್ನೊಂದನ್ನು ಅದೇ ಗೋಡೆಯ ಆ ತುದಿಗೆ. ತಂತಿಗಳನ್ನು ಸ್ಪೀಕರುಗಳನ್ನೆಲ್ಲ ನಡೆಸುವ ರಿಸೀವರಿನ ಹಿಂಬದಿಗೆ ಸಿಕ್ಕಿಸುವ ಹೊತ್ತಿಗೆ ಮೂರು ಗಂಟೆ ದಾಟಿತ್ತು. ಚಿತ್ರಾನ್ನ ಹಾಗೇ ಇತ್ತು.

“ಈಗ ಸೆಟ್ಟಿಂಗು” ಎಂದು ನಂದೀಶ್ ಸೋಫಾದ ನಡುವೆ ಪುಟ್ಟ ಸ್ಟ್ಯಾಂಡ್ ನಿಲ್ಲಿಸಿ ಅದರ ತುದಿಗೆ ಮೈಕು ಸಿಕ್ಕಿಸಿದ. “ನಿಮ್ಮ ತಲೆ ಇರೋ ಎತ್ತರಕ್ಕೆ ಇಡಬೇಕು. ಒಂದೊಂದೇ ಸ್ಪೀಕರಿಂದ ಸದ್ದು ಬಿಟ್ಟು, ಯಾವುದು ಎಷ್ಟು ದೂರ ಇದೆ ಅಂತ ಅದೇ ಅಳತೆ ತಗೊಳತ್ತೆ.”

ಪ್ರಭುದೇವ ಸೋಫಾದ ತುದಿಯಲ್ಲಿ ಕೂರಲು ಹೋದ.

“ನೀವು ಇರಬಾರ್ದು ಸಾರ್. ಮೈ ಅಡ್ಡ ಬಂದ್ರೆ ಅಳತೆ ತಪ್ಪತ್ತೆ. ಫ್ಯಾನೂ ಬೇಡ. ಮೂರು ನಿಮಿಷ ಒಂಚೂರೂ ಸದ್ದಿರಬಾರ್ದು.”

ಇಬ್ಬರೂ ಅಡುಗೆಮನೆಯ ಬಾಗಿಲಲ್ಲಿ ನಿಂತರು. ನಂದೀಶ್ ರಿಮೋಟ್ ಒತ್ತಿ ಅವನ ಕೈಗೆ ಕೊಟ್ಟ. ಎಡಗಡೆಯಿಂದ ‘ಶ್ಶ್, ಶ್ಶ್’ ಎಂದಿತು. ನಡುವಿನಿಂದ. ಬಲಗಡೆಯಿಂದ. ಪಕ್ಕಗಳಿಂದ. ಕೊನೆಗೆ ಗೋಡೆಯ ಮೇಲಿನ ಹೊಸ ಸ್ಪೀಕರಿನ ಸರದಿ ಬಂತು.

“ಶ್ಶ್, ಶ್ಶ್.”

ಗೋಡೆಯಾಚೆಯಿಂದ ದಪ್ಪ ನಾಲಿಗೆಯ ದನಿ ಅದನ್ನೇ ತಿರುಗಿ ಹೇಳಿತು. “ಶ್... ಶ್...”

ಯಂತ್ರ ನಿಂತಿತು. ಸುತ್ತ ಸದ್ದು ಹೆಚ್ಚಾಗಿದೆ, ಮತ್ತೆ ಪ್ರಯತ್ನಿಸಿ ಎಂದು ಪರದೆಯ ಮೇಲೆ ಬಂತು.

“ಪಕ್ಕದಲ್ಲಿ ಯಾರೋ ಮಾತಾಡ್ತಿದಾರೆ ಸಾರ್” ಎಂದ ನಂದೀಶ್. “ಐದು ನಿಮಿಷ ಸುಮ್ನಿರಿ ಅಂತ ಹೇಳಿ ಬರ್ಲಾ?”

ಪ್ರಭುದೇವ ಮತ್ತೆ ಒತ್ತಿದ. ಎಡ, ನಡು, ಬಲ, ಪಕ್ಕ. ಗೋಡೆ.

“ಶ್ಶ್, ಶ್ಶ್.”

“ಶ್ಶ್... ಶ್ಶ್.” ಈ ಸಲ ಹೆಚ್ಚು ಸ್ಪಷ್ಟವಾಗಿ. ಅದರ ಹಿಂದೆಯೇ ಶೈಲಜಮ್ಮನ ದನಿ, ಅಸ್ಪಷ್ಟವಾಗಿ: “ಹಾಂ, ಹಂಗೇ. ಇನ್ನೊಂದ್ಸಲ.”

ಯಂತ್ರ ನಿಂತಿತು. ಪ್ರಭುದೇವ ಮತ್ತೆ ಒತ್ತಿದ. ನಂದೀಶ್ ಅವನ ಮುಖವನ್ನೊಮ್ಮೆ ನೋಡಿ, ಚೀಲ ತೆಗೆದುಕೊಂಡು ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂತ.

ಗೋಡೆಯ ಈಚೆಯಿಂದೊಮ್ಮೆ, ಆಚೆಯಿಂದೊಮ್ಮೆ ಅದೇ ಸದ್ದು ಬರುತ್ತಿತ್ತು. ಖಾಲಿ ಸೋಫಾದ ನಡುವೆ, ಮನುಷ್ಯನ ತಲೆಯಿರಬೇಕಾದ ಎತ್ತರದಲ್ಲಿ, ಮೈಕು ಒಂದೇ ನಿಂತು ಎರಡನ್ನೂ ಕೇಳಿಸಿಕೊಳ್ಳುತ್ತಿತ್ತು.