ಫ್ರಿಜ್ಜಿನ ಕಾಲುಚೀಲ

ನಾದಿನಿಯ ಜೊತೆ ದಿನಕ್ಕೊಂದು ಸುತ್ತು ಜಗಳ ಆಡದಿದ್ದರೆ ನನಗೆ ತಿಂದದ್ದು ಅರಗುವುದಿಲ್ಲ. ಅವಳಿಗೂ ಅಷ್ಟೇ. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅವಳು ಎರಡು ಜಡೆ ಹಾಕಿಕೊಂಡು ಸ್ಕೂಲಿಗೆ ಹೋಗುತ್ತಿದ್ದ ಕಡ್ಡಿ ಹುಡುಗಿ. ಈಗ ಬಾಗಿಲಲ್ಲಿ ನಿಂತರೆ ಬೆಳಕು ಒಳಗೆ ಬರುವುದಿಲ್ಲ. ಆದರೂ ಅವಳ ಅಣ್ಣನಿಗೆ, ಅಂದರೆ ನಮ್ಮ ಮನೆಯವರಿಗೆ, ಇನ್ನೂ ಪುಟ್ಟಿಯೇ. ಮದುವೆ ಬೇಡ ಅಂದಳು, ಹೊಲಿಗೆ ಕಲಿತಳು, ಮುಂದಿನ ಕೋಣೆಯಲ್ಲಿ ಮಿಷನ್ ಹಾಕಿಕೊಂಡು ಕೂತಳು. ನಮ್ಮ ಬೀದಿಯ ಮಕ್ಕಳ ಯೂನಿಫಾರ್ಮೆಲ್ಲ ಅವಳ ಕೈಯಲ್ಲೇ ಆಗಬೇಕು.

ಈಚಿನ ಜಗಳವೆಲ್ಲ ಫ್ರಿಜ್ಜಿನ ಕಾಲುಚೀಲದ್ದು. ನಮ್ಮ ಫ್ರಿಜ್ಜಿನ ಹಿಡಿಗೆ ಅವಳು ಕೆಂಪು ಉಣ್ಣೆಯ ಕಾಲುಚೀಲವೊಂದನ್ನು ತೊಡಿಸಿದ್ದಾಳೆ. ಮನೆಗೆ ಬಂದವರೆಲ್ಲ ಮೊದಲು ಅದನ್ನು ನೋಡುತ್ತಾರೆ, ಆಮೇಲೆ ನಮ್ಮ ಮುಖ ನೋಡುತ್ತಾರೆ, ಆಮೇಲೆ ನೀರು ಬೇಡ ಅನ್ನುತ್ತಾರೆ.

ಹೋದ ವರ್ಷ ನಾನು ಕಾಯಿಲೆ ಬಿದ್ದೆ. ಕಾಯಿಲೆಯ ಹೆಸರು ಹೇಳುವುದಿಲ್ಲ. ಹೆಸರು ಕೇಳಿದ ತಕ್ಷಣ ಜನ ದನಿ ಇಳಿಸಿ ಮಾತಾಡುತ್ತಾರೆ, ನನಗೆ ಮೈ ಉರಿಯುತ್ತದೆ. ಔಷಧಿ ಕಾಯಿಲೆಯನ್ನೇನೋ ಓಡಿಸಿತು, ಆದರೆ ನನ್ನ ಬೆರಳುಗಳಿಗೆ ಒಂದು ಪೀಡೆ ಅಂಟಿಸಿತು. ತಣ್ಣಗಿರುವ ಏನನ್ನು ಮುಟ್ಟಿದರೂ ಬೆರಳ ತುದಿಗೆ ಸೂಜಿಗಳ ಕಂತೆಯೇ ಚುಚ್ಚಿದ ಹಾಗೆ. ಸ್ಟೀಲ್ ಲೋಟ, ಬಾಗಿಲ ಚಿಲಕ, ನಲ್ಲಿ ನೀರು, ಯಾವುದೂ ಆಗದು. ಮೊದಲ ಸಲ ಗೊತ್ತಾಗದೆ ಹಾಲು ತೆಗೆಯಲು ಫ್ರಿಜ್ಜಿಗೆ ಕೈ ಹಾಕಿದೆ. ನಾನು ಕಿರುಚಿದ್ದು ಬೀದಿಗೆಲ್ಲ ಕೇಳಿಸಿತಂತೆ. ನಾದಿನಿ ಕುತ್ತಿಗೆಯಲ್ಲಿ ಅಳತೆ ಟೇಪು ನೇತಾಡಿಸಿಕೊಂಡು ಓಡಿ ಬಂದಳು, ನನ್ನ ಕೈಯನ್ನು ತನ್ನ ಕಂಕುಳಲ್ಲಿ ಇಟ್ಟುಕೊಂಡು ನಿಂತಳು.

ಮಾರನೆಯ ದಿನ ಎದ್ದು ನೋಡಿದರೆ ಫ್ರಿಜ್ಜಿನ ಹಿಡಿಗೆ ಒಂದು ಕಾಲುಚೀಲ, ಬೀರುವಿನ ಹಿಡಿಗೆ ಅದರ ಜೋಡಿ. ಅವಳ ಹತ್ತಿರ ಇದ್ದದ್ದೇ ಆ ಒಂದು ಜೊತೆ ಉಣ್ಣೆಯ ಕಾಲುಚೀಲ. ಚಿಲಕಗಳಿಗೆಲ್ಲ ಯೂನಿಫಾರ್ಮಿನ ತುಂಡುಬಟ್ಟೆ ಸುತ್ತಿದ್ದಳು. ಮನೆಗೆ ಮನೆಯೇ ಸ್ಕೂಲಿಗೆ ಹೊರಟು ನಿಂತಂತಿತ್ತು. ನಾನು ಕುಡಿಯುವ ನೀರು, ಕೈ ತೊಳೆಯುವ ನೀರು, ತಲೆದಿಂಬು ಕೂಡ ಉಗುರು ಬೆಚ್ಚಗೆ. ನಮ್ಮ ಮನೆಯವರು ಐಸ್‌ಕ್ರೀಮ್ ಕಾರ್ಖಾನೆಯ ಕೋಲ್ಡ್ ರೂಮಿನ ಉಸ್ತುವಾರಿ, ದಿನವಿಡೀ ಚಳಿಯಲ್ಲೇ ಇದ್ದು ಬರುವ ಮನುಷ್ಯ. ಅವರು ನನ್ನ ಕೋಣೆಯ ಕಡೆ ಹೆಜ್ಜೆ ಇಟ್ಟರೆ ಸಾಕು, ಮುಂದಿನ ಕೋಣೆಯಿಂದ ಕೂಗು ಬರುತ್ತಿತ್ತು: "ಅಣ್ಣಾ, ಕೈ!" ಪಾಪ, ಬಿಸಿನೀರಿನ ಬೋಗುಣಿಯಲ್ಲಿ ಕೈ ಅದ್ದಿ, ಒರೆಸಿಕೊಂಡು, ಆಮೇಲೆ ನನ್ನ ಹತ್ತಿರ ಬಂದು ಕೂರುತ್ತಿದ್ದರು.

ಈಗ ನಾನು ಚೆನ್ನಾಗಿದ್ದೇನೆ. ಡಾಕ್ಟರು ನಗುತ್ತಾ ಕಳಿಸಿದರು. "ಬೆರಳಿನ ತೊಂದರೆ ಕೆಲವರಿಗೆ ಪೂರ್ತಿ ಹೋಗತ್ತೆ, ಕೆಲವರಿಗೆ ಸ್ವಲ್ಪ ಉಳಿಯತ್ತೆ, ನೋಡೋಣ" ಅಂದರು. ಚಿಲಕದ ಬಟ್ಟೆಗಳು ಒಂದೊಂದಾಗಿ ಬಿಚ್ಚಿ ಬಿದ್ದುಹೋದವು. ಕಾಲುಚೀಲಗಳು ಮಾತ್ರ ಕದಲಲಿಲ್ಲ.

"ತೆಗಿಯೇ ಅದನ್ನ, ನೋಡೋಕೆ ಅಸಹ್ಯ" ಅನ್ನುತ್ತೇನೆ.

"ಇರ್ಲಿ ಬಿಡಿ ಅತ್ತಿಗೆ, ಅದೇನು ನಿಮ್ಮನ್ನ ಊಟ ಕೇಳುತ್ತಾ?" ಅನ್ನುತ್ತಾಳೆ.

ನಾನು ಅಡುಗೆಮನೆಗೆ ಕಾಲಿಟ್ಟರೆ ಮಿಷನ್ ನಿಲ್ಲಿಸಿ ನನಗಿಂತ ಮುಂಚೆ ಫ್ರಿಜ್ಜಿನ ಮುಂದೆ ಹಾಜರ್. ಏನು ಬೇಕೋ ತೆಗೆದು, ಬಿಸಿ ಮಾಡಿ, ಕೈಗೆ ಕೊಡುತ್ತಾಳೆ. ನಿಜ ಹೇಳಬೇಕೆಂದರೆ ನನಗೂ ಅದೇ ಬೇಕಿತ್ತು. ಬಾಯಿ ಎಷ್ಟೇ ಜೋರಿರಲಿ, ನನ್ನ ಕೈ ವಾಸಿಯಾಗಿದೆಯೋ ಇಲ್ಲವೋ ನನಗೇ ಗೊತ್ತಿರಲಿಲ್ಲ. ಮುಟ್ಟಿ ನೋಡುವ ಧೈರ್ಯವೂ ಇರಲಿಲ್ಲ.

ಆದರೆ ಇವಳಿಗೆ ಏನಾದರೂ ಮಾಡಬೇಕು ಎಂಬುದು ನನ್ನ ಎದೆಯಲ್ಲಿ ಕೂತುಬಿಟ್ಟಿತ್ತು. ಬಾಯಿಬಿಟ್ಟು ಉಪಕಾರವಾಯ್ತು ಅಂದರೆ ವಾರಗಟ್ಟಲೆ ಆಡಿಕೊಂಡು ನಗುತ್ತಾಳೆ. ಹೊಸ ಬಟ್ಟೆ ಕೊಡಿಸಿದರೆ ಬಿಚ್ಚಿ ಹೊಲಿಗೆ ನೋಡಿ ಮೂಗು ಮುರಿಯುತ್ತಾಳೆ. ಯೋಚಿಸುತ್ತಾ ಯೋಚಿಸುತ್ತಾ ಅವಳ ದಾರದ ಡಬ್ಬ ಕಣ್ಣಿಗೆ ಬಿತ್ತು. ಅದು ಹಳೆಯ ಬಿಸ್ಕತ್ತಿನ ಡಬ್ಬ. ಮುಚ್ಚಳದ ಮೇಲೆ ಒಂದು ಚಿತ್ರ: ಸುತ್ತ ಹಿಮ, ನಡುವೆ ಒಂದು ಪುಟ್ಟ ಮರದ ಮನೆ, ಕಿಟಕಿಯಲ್ಲಿ ಹಳದಿ ದೀಪ. ಎರಡು ಜಡೆಯ ಕಾಲದಿಂದ ಅವಳ ಹತ್ತಿರ ಇದೆ. ದಾರ ಹುಡುಕುವಾಗಲೆಲ್ಲ ಒಂದು ಗಳಿಗೆ ನಿಂತು ನೋಡುತ್ತಾಳೆ. "ಈ ದೀಪ ಹಚ್ಚಿಟ್ಟೋರು ಯಾರಿರಬಹುದು ಅತ್ತಿಗೆ?" ಎಂದು ಎಷ್ಟು ಸಲ ಕೇಳಿದ್ದಾಳೋ. "ಕೆಲಸ ಇಲ್ಲದೋರು" ಎಂದು ನಾನೂ ಅಷ್ಟೇ ಸಲ ಹೇಳಿದ್ದೇನೆ.

ಸರಿ, ಮುಚ್ಚಳ ಚೀಲಕ್ಕೆ ಹಾಕಿಕೊಂಡು ಟ್ರಾವೆಲ್ಸ್ ಆಫೀಸಿಗೆ ಹೋದೆ. ಮರದ ಮನೆಗಳಿರುವ ಚಳಿ ದೇಶಕ್ಕೆ ಹೋಗಬೇಕು ಅಂದೆ. ಮೇಜಿನ ಹಿಂದಿದ್ದವನು ಟೈ ಸರಿಮಾಡಿಕೊಂಡ.

"ಉತ್ತರದ ಚಳಿ ದೇಶ ತಾನೇ ಮೇಡಂ? ಬೇಸಿಗೆಗೆ ಹೋಗಿ. ಹೂವು, ಹಸಿರು, ಊಟ ಮಾಡಿ ಮಲಗೋವರೆಗೂ ಬೆಳಕು."

"ಆಗ ಹಿಮ ಇರತ್ತೇನಪ್ಪಾ?"

"ಹಿಮ ಎಲ್ಲಿ ಮೇಡಂ, ಎಲ್ಲಾ ಕರಗಿಹೋಗಿರತ್ತೆ."

"ಹಾಗಾದ್ರೆ ಬೇಡ. ಚಳಿಗಾಲಕ್ಕೆ ಹಾಕು."

ಅವನು ಗಾಬರಿಯಾದ. "ಅದು ಆಫ್ ಸೀಸನ್ ಮೇಡಂ! ಮಧ್ಯಾಹ್ನಕ್ಕೇ ಕತ್ತಲು. ಅಲ್ಲಿನ ಜನಾನೇ ಬೇರೆ ಕಡೆ ಓಡಿಹೋಗ್ತಾರೆ."

"ಹೋಗ್ಲಿ ಬಿಡು, ಗಲಾಟೆ ಇರಲ್ಲ. ಕತ್ತಲಾದ್ರೆ ತಾನೇ ಕಿಟಕೀಲಿ ದೀಪ ಕಾಣೋದು?" ಎಂದು ಮುಚ್ಚಳ ಅವನ ಮುಂದಿಟ್ಟೆ. ಅವನು ಮುಚ್ಚಳ ನೋಡಿದ, ನನ್ನನ್ನು ನೋಡಿದ, ಬಾಯಿ ಮುಚ್ಚಿಕೊಂಡು ಕಂಪ್ಯೂಟರ್ ಕುಟ್ಟಿ ಖರ್ಚಿನ ಲೆಕ್ಕ ತೆಗೆಯತೊಡಗಿದ.

ಚಳಿಗಾಲಕ್ಕೆ ನಾವಿಬ್ಬರೂ ಆ ಡಬ್ಬದ ಮೇಲಿನ ದೇಶ ನೋಡಿಬರೋಣ ಎಂದು ಊಟದ ಹೊತ್ತಿಗೆ ಮನೆಯಲ್ಲಿ ವಿಷಯ ತೆಗೆದೆ. ನಾದಿನಿಯ ಮುಖ ಒಂದು ಗಳಿಗೆ ಅರಳಿತು, ಅದನ್ನು ನಾನು ನೋಡಿದೆ. ಮರುಗಳಿಗೆ ಕಡ್ಡಿ ಮುರಿದ ಹಾಗೆ "ಬೇಡ" ಅಂದಳು.

"ಯಾಕೆ?"

"ಹೊಲಿಗೆ ಕೆಲಸ ಇರತ್ತೆ."

"ಯೂನಿಫಾರ್ಮಿನ ಗಡಿಬಿಡಿ ಅಷ್ಟೊತ್ತಿಗೆ ಮುಗಿದಿರತ್ತೆ. ನಿಂಗೂ ಆಫ್ ಸೀಸನ್ನೇ."

"ಮಂಡಿ ನೋವು."

"ವಿಮಾನದಲ್ಲಿ ಕೂತ್ಕೊಂಡು ಹೋಗೋದು ಕಣೇ, ತಳ್ಕೊಂಡು ಹೋಗೋದಲ್ಲ."

"ನಂಗೆ ಚಳಿ ಆಗಲ್ಲ."

ಈ ಮಾತು ಹೇಳಿದ್ದು ಯಾರು? ಫ್ಯಾನು ಗಿರಗಿರ ತಿರುಗುತ್ತಿದ್ದರೂ ಬೆವರೊರೆಸಿಕೊಳ್ಳುವ ಹೆಂಗಸು! ನನಗೆ ಪಿತ್ತ ನೆತ್ತಿಗೇರಿತು. "ಮುಖ ನೋಡ್ಕೊಂಡು ಸುಳ್ಳು ಹೇಳ್ತೀಯಲ್ಲೇ! ಕಷ್ಟಪಟ್ಟು ಓಡಾಡಿ ಬಂದಿದ್ದೀನಿ, ಬೇಡ ಅಂದ್ರೆ ಯಾಕೆ ಬೇಡ ಅಂತ ಸರಿಯಾಗಿ ಬೊಗಳು!"

ಅವಳು ತಟ್ಟೆ ದೂರ ಸರಿಸಿದಳು.

"ಅವತ್ತು ಕಿರುಚಿದ್ರಲ್ಲ ಅತ್ತಿಗೆ, ಅದು ಇನ್ನೂ ನನ್ನ ಕಿವಿಯಿಂದ ಹೋಗಿಲ್ಲ. ಅಲ್ಲಿ ಊರಿಗೂರೇ ಫ್ರಿಜ್ಜು. ಎಷ್ಟಕ್ಕೆ ಅಂತ ಕಾಲುಚೀಲ ಹಾಕ್ಲಿ ನಾನು?"

ನಾನು ಜಗಳ ಬಿಟ್ಟು ಅವಳ ತಟ್ಟೆಯನ್ನು ಮತ್ತೆ ಅವಳ ಮುಂದಕ್ಕೆ ಸರಿಸಿದೆ. ಈ ಮನೆಯಲ್ಲಿ ಅದು ಅಪರೂಪ. ನಮ್ಮ ಮನೆಯವರು ಕೂಡ ಊಟ ನಿಲ್ಲಿಸಿ ನನ್ನ ಕಡೆ ನೋಡಿದರು. ಮಾತಿಗೆ ಅವರು ಬಲು ಜಿಪುಣ. ನೀರು ಕುಡಿದು, ಗಂಟಲು ಸರಿಮಾಡಿಕೊಂಡು ಅಂದರು: "ರಜೆ ದಿನ ಇಬ್ಬರೂ ನಮ್ಮ ಕೋಲ್ಡ್ ರೂಮಿಗೆ ಬನ್ನಿ. ಆ ದೇಶಕ್ಕಿಂತ ಹೆಚ್ಚು ಚಳಿ ಅಲ್ಲಿದೆ. ತಡ್ಕೊಂಡ್ರೆ ಟಿಕೆಟ್ ತಗೊಳ್ಳಿ. ಇಲ್ಲಾಂದ್ರೆ ಐಸ್‌ಕ್ರೀಮ್ ತಿಂದ್ಕೊಂಡು ವಾಪಸ್ ಬನ್ನಿ."

ಮ್ಯಾನೇಜರಿಗೆ ಹೇಳಿ ಒಪ್ಪಿಗೆ ತಂದರು. ಕೆಲಸಗಾರರ ದಪ್ಪ ನೀಲಿ ಕೋಟುಗಳನ್ನು ತೊಡಿಸಿದರು. ನನ್ನ ಕೋಟಿನಲ್ಲಿ ಇನ್ನೊಬ್ಬಳು ಹಿಡಿಯುತ್ತಿದ್ದಳು. ನಾದಿನಿಯ ಕೋಟಿಗೆ ಗುಂಡಿ ಕೂರಲಿಲ್ಲ. "ಇದನ್ನ ಹೊಲಿದೋರು ಯಾರೋ, ಅಳತೆ ಟೇಪೇ ನೋಡಿಲ್ಲ" ಎಂದು ಬೈದುಕೊಂಡಳು. ಕೈಗೆ ಎರಡೆರಡು ಗ್ಲೌಸು. ಗೋಡೆಯಷ್ಟು ದಪ್ಪದ ಬಾಗಿಲನ್ನು ಅವರು ಎಳೆದಾಗ ಬಿಳಿ ಹೊಗೆ ನಮ್ಮ ಕಾಲ ಮೇಲೆ ಹರಿದು ಬಂತು.

ಒಳಗೆ ಸೂರಿನವರೆಗೆ ಪೇರಿಸಿದ ಡಬ್ಬಗಳು, ಸ್ಟೀಲಿನ ಕಂಬಗಳು, ದೊಡ್ಡ ಫ್ಯಾನುಗಳ ಸದ್ದು. ಉಸಿರು ಹೊಗೆಯಾಗಿ ಹೊರಟಿತು. ಪೈಪುಗಳ ಮೇಲೆಲ್ಲ ಬೆಳ್ಳಗೆ ಮಂಜು ಕಟ್ಟಿತ್ತು. ನಾದಿನಿ ಎಲ್ಲ ಮರೆತು ಅದರ ಹತ್ತಿರ ಹೋಗಿ ಬೆರಳಿನಿಂದ ಕೆರೆದಳು. "ಅಣ್ಣಾ, ಇದೇ ಏನೋ ಹಿಮ?"

"ಅದು ಹಿಮ ಅಲ್ಲ ಪುಟ್ಟಿ, ಕೆಲಸ. ನಾಳೆ ನಾನೇ ನಿಂತು ಕೆರೆಸಿ ತೆಗೆಸ್ಬೇಕು."

ಅಷ್ಟರಲ್ಲಿ ಅವಳಿಗೆ ನನ್ನ ನೆನಪಾಯಿತು. ಧಾವಿಸಿ ಬಂದು ನನ್ನ ಎರಡೂ ಕೈಗಳನ್ನು ಹಿಡಿದುಕೊಂಡಳು. "ಸಾಕು, ನೋಡಿದ್ದಾಯ್ತು. ನಡೀರಿ ಅತ್ತಿಗೆ, ಹೊರಗೆ ಹೋಗೋಣ."

"ಬಿಡು ಕೈಯ್ಯ."

"ಅತ್ತಿಗೆ, ಹಟ ಬೇಡ."

"ಬಿಡೇ!"

ಬಲಗೈಯ ಗ್ಲೌಸು ಎರಡನ್ನೂ ಕಿತ್ತೆಸೆದೆ. ನಾದಿನಿ ಅಣ್ಣನ ಕಡೆ ತಿರುಗಿದಳು. ಅವರು ತಡೆಯಲಿಲ್ಲ. "ಮುಟ್ಟಿ ತೆಗೆದುಬಿಡು, ಇಟ್ಕೊಂಡಿರ್ಬೇಡ, ಅಂಟ್ಕೊಳ್ಳತ್ತೆ" ಅಂದರು ಅಷ್ಟೇ.

ಕಣ್ಣು ಮುಚ್ಚಿ ಸ್ಟೀಲ್ ಕಂಬಕ್ಕೆ ಬೆರಳು ಒತ್ತಿದೆ. ಸೂಜಿಗಳಿಗೆ ಕಾದೆ. ಹಲ್ಲು ಕಚ್ಚಿಕೊಂಡು ಕಾದೆ. ಬರಲಿಲ್ಲ. ಕೈ ತೆಗೆದು, ಮತ್ತೆ ಮುಟ್ಟಿದೆ. ಆಗಲೂ ಬರಲಿಲ್ಲ.

"ತಣ್ಣಗಿದೆ" ಅಂದೆ.

"ಏನು? ನೋಯ್ತಾ? ಏನಾಯ್ತು ಹೇಳಿ!"

"ತಣ್ಣಗಿದೆ ಕಣೇ, ಅಷ್ಟೇ. ಎಲ್ಲರಿಗೂ ಹ್ಯಾಗೆ ತಣ್ಣಗಿರತ್ತೋ ಹಾಗೇ ತಣ್ಣಗಿದೆ!"

ಇಡೀ ವರ್ಷ ಒಂದು ಹನಿ ಕಣ್ಣೀರು ಹಾಕದ ಹೆಂಗಸು ಅಲ್ಲೇ ಐಸ್‌ಕ್ರೀಮ್ ಡಬ್ಬಗಳ ನಡುವೆ ನಿಂತು ಗೊಳೋ ಎಂದು ಅತ್ತಳು. ಗುಂಡಿ ಕೂರದ ಕೋಟು ಕುಲುಕಾಡುತ್ತಿತ್ತು. ನಮ್ಮ ಮನೆಯವರು ತಮ್ಮ ಗ್ಲೌಸು ಬಿಚ್ಚಿ ನನ್ನ ಬರಿಗೈಯನ್ನು ಹಿಡಿದುಕೊಂಡರು. ಅವರ ಕೈ ಮಂಜುಗಡ್ಡೆಯಂತಿತ್ತು. "ಅಣ್ಣಾ, ಕೈ!" ಎಂದು ಯಾರೂ ಕೂಗಲಿಲ್ಲ. ಆ ತಣ್ಣನೆಯ ಕೈಗಾಗಿ ನಾನು ಎಷ್ಟು ದಿನದಿಂದ ಕಾಯುತ್ತಿದ್ದೆನೆಂಬುದು ನನಗೆ ಆಗ ಗೊತ್ತಾಯಿತು.

ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ಹೇಳಿಯೇಬಿಟ್ಟೆ. "ಪುಟ್ಟಿ, ನೀನಿಲ್ಲದಿದ್ರೆ ನಾನು ಇವತ್ತು ಇಲ್ಲಿ ಕೂತಿರ್ತಿರ್ಲಿಲ್ಲ. ನಿನ್ನ ಋಣ ನನ್ನ ಕೈಲಿ ತೀರಿಸೋಕಾಗಲ್ಲ."

ಅವಳು ಕೋಟಿನ ತೋಳಿನಲ್ಲಿ ಮೂಗು ಒರೆಸಿಕೊಂಡಳು. "ತೀರಿಸೋಕೆ ಬಿಡೋರ್ಯಾರು? ತೀರಿಸಿಬಿಟ್ರೆ ಆಮೇಲೆ ನಾನು ಯಾವ ಧೈರ್ಯದ ಮೇಲೆ ನಿಮ್ಮ ಜೊತೆ ಜಗಳ ಆಡ್ಲಿ?"

ಆದರೆ ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಅಂತಲೂ ಅನ್ನಲಿಲ್ಲ. ದಾರಿಯುದ್ದಕ್ಕೂ ಬಸ್ಸಿನ ಕಿಟಕಿಯಿಂದ ಹೊರಗೆ ನೋಡುತ್ತಾ ಬಂದಳು. ನಾನೂ ಕೇಳಲಿಲ್ಲ. ಕೇಳಿದರೆ ಬೇಡ ಅನ್ನುತ್ತಾಳೆ ಎಂಬ ಭಯ.

ಮನೆಗೆ ಬಂದು ನಾನು ಮುಖ ತೊಳೆದು ಅಡುಗೆಮನೆಗೆ ಹೋದರೆ ಅವಳು ಆಗಲೇ ಫ್ರಿಜ್ಜಿನ ಮುಂದೆ ನಿಂತಿದ್ದಾಳೆ. ಹಿಡಿಯಿಂದ ಕಾಲುಚೀಲ ಎಳೆದು ತೆಗೆಯುತ್ತಿದ್ದಾಳೆ. ಇಷ್ಟು ದಿನ ಅಲ್ಲೇ ಇದ್ದು ಅದಕ್ಕೆ ಹಿಡಿಯ ಆಕಾರವೇ ಬಂದಿತ್ತು, ಸುಲಭಕ್ಕೆ ಬರಲೊಲ್ಲದು.

"ಏನೇ ಮಾಡ್ತಿದ್ದೀಯ?"

"ಕಾಣಲ್ವಾ? ಬೀರುವಿನ ಹಿಡಿಯಿಂದ ಇನ್ನೊಂದನ್ನೂ ತಗೊಂಡು ಬನ್ನಿ ಅತ್ತಿಗೆ. ಒಗೆದು ಒಣಗಿಸ್ಬೇಕು. ಅಲ್ಲಿ ಹಿಮದಲ್ಲಿ ಬರಿಗಾಲಲ್ಲಿ ಓಡಾಡ್ಲಾ ನಾನು?"

ಅವಳು ಕಾಲುಚೀಲವನ್ನು ಕೊಡವಿ ಹೆಗಲ ಮೇಲೆ ಹಾಕಿಕೊಂಡಳು, ಒಲೆ ಹಚ್ಚಿದಳು.

"ಏನು ಹಾಗೆ ನಿಂತ್ಕೊಂಡು ನೋಡ್ತೀರಿ? ಹಾಲು ತೆಗೀರಿ, ಕಾಫಿ ಮಾಡ್ತೀನಿ" ಎಂದು ಫ್ರಿಜ್ಜಿನ ಮುಂದಿನಿಂದ ಪಕ್ಕಕ್ಕೆ ಸರಿದಳು.

ನಾನು ಹೋಗಿ ಹಾಲು ತೆಗೆದೆ.