ಸೋರುವ ನಲ್ಲಿಯ ಹಾಡು

ಅಪ್ಪ ದೊಡ್ಡ ಲೇಖಕರು. ಇದನ್ನು ನಾನು ಹೇಳಬೇಕಿಲ್ಲ, ಅವರೇ ಹೇಳುತ್ತಾರೆ. ಬೆಳಿಗ್ಗೆ ಆರಕ್ಕೆ ಕೋಣೆ ಹೊಕ್ಕು ಬಾಗಿಲು ಹಾಕಿಕೊಂಡರೆ ಮಧ್ಯಾಹ್ನ ಒಂದರವರೆಗೆ ಯಾರೂ ಮಾತಾಡಿಸುವಂತಿಲ್ಲ. ಮಾತಾಡಿಸಿದರೆ ವಾಕ್ಯ ಹಾರಿಹೋಗುತ್ತದಂತೆ. ಹಾಗಾಗಿ ಅಮ್ಮ ಹೇಳಬೇಕಾದ್ದನ್ನೆಲ್ಲ ಹಾಳೆಯಲ್ಲಿ ಬರೆದು ಬಾಗಿಲ ಸಂದಿಯಿಂದ ಒಳಗೆ ತಳ್ಳುತ್ತಾಳೆ. ಅಪ್ಪ ಅದನ್ನು ಎತ್ತಿಕೊಂಡು, ಓದದೆ ಮಗುಚಿ, ಖಾಲಿ ಬದಿಯಲ್ಲಿ ಕಾದಂಬರಿ ಮುಂದುವರಿಸುತ್ತಾರೆ. ಕಾಗದ ದಂಡ ಮಾಡುವುದು ಅವರಿಗೆ ಆಗದು. ನಲವತ್ತು ವರ್ಷದ ಈ ಸಂಸಾರದಲ್ಲಿ ಹಾಲು ಎಷ್ಟು ಸಲ ಉಕ್ಕಿ ಹರಿದಿದೆಯೋ, ಒಲೆಯನ್ನೇ ಕೇಳಬೇಕು.

ಅಪ್ಪ ಬರೆಯಲು ಶುರುಮಾಡಿ ಐವತ್ತು ವರ್ಷ ತುಂಬಿದಾಗ ಒಬ್ಬ ಹಾಡುಗಾರ ಮನೆಗೆ ಬಂದ. ಶಾಸ್ತ್ರೀಯ ಗಾಯನ ಕಲಿತು, ಜಾಜ್ ತಂಡದ ಜೊತೆ ಊರೂರು ತಿರುಗಿ, ಸಿನಿಮಾಕ್ಕೂ ಹಾಡಿದವನು. ಅಪ್ಪನ ಗೌರವಕ್ಕೊಂದು ಕಛೇರಿ ಮಾಡಬೇಕು, ಅಚ್ಚಾಗದ ಪುಟಗಳು ಬೇಕು ಎಂದ.

"ನಿನ್ನದು ಯಾವ ಸಂಗೀತ?" ಎಂದು ಅಪ್ಪ ಕೇಳಿದರು.

"ಎಲ್ಲಾದೂ ಸರ್."

"ಅಂದ್ರೆ ಯಾವ್ದೂ ಅಲ್ಲ."

ಆ ದಿನವೇ ಅವನಿಗೆ 'ಕಲಬೆರಕೆ' ಎಂದು ನಾಮಕರಣವಾಯಿತು. ಆದರೂ ಅಪ್ಪ ಒಪ್ಪಿದರು. ಕಛೇರಿ ಊರಿನ ಅತಿ ದೊಡ್ಡ ಸಭಾಂಗಣದಲ್ಲಿ ಎಂದು ಗೊತ್ತಾದ ಮೇಲೆ ಒಪ್ಪಿದರು ಅನ್ನುವುದು ನನ್ನ ಕುಹಕ.

ನನಗೆ ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸ. ಆದ್ದರಿಂದ ಹಸ್ತಪ್ರತಿಯ ನಲವತ್ತು ಹಾಳೆ ಸ್ಕ್ಯಾನ್ ಮಾಡಿ ಕಳಿಸುವ ಹೊಣೆ ನನ್ನ ತಲೆಗೆ ಬಂತು. ನಮ್ಮ ಹಳೇ ಮೆಷಿನ್ನಿಗೆ ಬರಹ ಮೇಲೆ ಕಾಣುವಂತೆ ಹಾಳೆ ಇಡಬೇಕಿತ್ತು. ಆ ವಾರವಷ್ಟೇ ಬಂದಿದ್ದ ಹೊಸದಕ್ಕೆ ಬರಹ ಕೆಳಗಿರಬೇಕಂತೆ. ನನಗೆ ಅದನ್ನು ಯಾರೂ ಹೇಳಿರಲಿಲ್ಲ. ಹಾಳೆ ಇಟ್ಟೆ, ಗುಂಡಿ ಒತ್ತಿದೆ, ಕಳಿಸಿದೆ. ಊರವರ ತಪ್ಪಿಗೆಲ್ಲ ಕೆಂಪು ಶಾಯಿ ಸುತ್ತುವವಳು ನನ್ನದನ್ನು ಒಮ್ಮೆ ತೆರೆದೂ ನೋಡಲಿಲ್ಲ.

ವಾರದ ನಂತರ ಕಲಬೆರಕೆ ಫೋನ್ ಮಾಡಿದ. "ಅಕ್ಕಾ, ಅವ್ರು ಪೂರ್ತಿ ಬದಲಾಗಿದಾರೆ! ಎಷ್ಟು ಚಿಕ್ಕ ಚಿಕ್ಕ ವಾಕ್ಯ! ಓದಿ ಎರಡು ದಿನ ನಿದ್ದೆ ಬರ್ಲಿಲ್ಲ."

ಅಪ್ಪನಿಗೆ ಹೇಳಿದೆ. ಅವರ ಕತ್ತು ಒಂದು ಇಂಚು ಉದ್ದವಾಯಿತು. "ಕಲಬೆರಕೆ ಆದ್ರೇನು, ಓದೋಕೆ ಬರುತ್ತೆ," ಎಂದರು. ತಾಲೀಮಿಗೆ ಕರೆದರೆ ಮಾತ್ರ ಹೋಗಲಿಲ್ಲ. ತಾವು ಬರೆದದ್ದು ತಮಗೆ ಗೊತ್ತಿಲ್ಲವೇ ಎಂದರು.

ಕಛೇರಿಯ ಸಂಜೆ ಮೊದಲ ಸಾಲಿನಲ್ಲಿ ನಾವು ಮೂವರು, ನಡುವೆ ಅಮ್ಮ. ಹಾಲ್ ತುಂಬಿ ತುಳುಕುತ್ತಿತ್ತು. ಡ್ರಮ್ಮಿನವನು ಕಡ್ಡಿಯ ತುದಿಯಿಂದ ಟಿಕ್, ಟಿಕ್ ಎಂದು ಶುರುಮಾಡಿದ. ಸ್ಯಾಕ್ಸೋಫೋನ್ ನಿಧಾನವಾಗಿ ನರಳಿತು. ಕಲಬೆರಕೆ ಕಣ್ಣು ಮುಚ್ಚಿ ಎತ್ತಿಕೊಂಡ:

"ನಲ್ಲಿ ಸೋರುತ್ತಿದೆ. ನಿನ್ನೆಯೂ ಹೇಳಿದ್ದೆ. ನಾಳೆಯೂ ಹೇಳುತ್ತೇನೆ."

ಅಯ್ಯೋ, ಹಾಳೆಯ ಹಿಂಬದಿ! ಅಮ್ಮ ನನ್ನ ಮುಂಗೈ ಹಿಡಿದಳು. ಅವನು 'ನಾಳೆಯೂ' ಎಂಬುದನ್ನೇ ಹತ್ತು ಬಗೆಯಲ್ಲಿ ಎಳೆದು, ಜಗ್ಗಿ, ತಾರಕಕ್ಕೆ ಏರಿಸಿ ಬಿಟ್ಟ. ಜನ ಹುಚ್ಚೆದ್ದು ಚಪ್ಪಾಳೆ ಹೊಡೆದರು. ಹಿಂದಿನ ಸಾಲಿನ ವಿಮರ್ಶಕರೊಬ್ಬರು, "ಕಾಲದ ಬಗ್ಗೆ ಎಂಥ ಮಾತು!" ಎಂದು ನಿಟ್ಟುಸಿರಿಟ್ಟರು.

ಎರಡನೆಯದು: "ಹಾಲು ಒಲೆಯ ಮೇಲಿದೆ. ನಾನು ಹೊರಗೆ ಹೋಗುತ್ತಿದ್ದೇನೆ. ಉಕ್ಕುವ ಮೊದಲು ನೆನಪಿಸಿಕೊಳ್ಳಿ."

ಅಪ್ಪ ಅಮ್ಮನ ಬೆನ್ನ ಹಿಂದಿನಿಂದ ನನ್ನತ್ತ ಬಾಗಿದರು. ಮುಗೀತು ನನ್ನ ಕಥೆ ಅಂದುಕೊಂಡೆ.

"ಇದನ್ನ ನಾನು ಯಾವಾಗ ಬರೆದೆ? ನೆನಪೇ ಇಲ್ವಲ್ಲ," ಎಂದು ಪಿಸುಗುಟ್ಟಿದರು. "ಚೆನ್ನಾಗೇ ಬಂದಿದೆ, ಅಲ್ವಾ?"

ಅಮ್ಮ ಬಾಯಿಗೆ ಕರವಸ್ತ್ರ ತುರುಕಿಕೊಂಡಳು. ಅವಳ ಭುಜ ಕುಣಿಯುತ್ತಿತ್ತು.

ಕೊನೆಯ ಹಾಡಿಗೆ ವಾದ್ಯಗಳೆಲ್ಲ ಸುಮ್ಮನಾದವು. ಅವನ ದನಿಯೊಂದೇ ಉಳಿಯಿತು.

"ಇವತ್ತು ಏನೂ ಬೇಕಾಗಿಲ್ಲ. ಹಾಲು ಇದೆ, ಬಿಸಿಲು ಇದೆ. ಸುಮ್ಮನೆ ಬರೆದೆ. ಬಾಗಿಲು ತೆಗೆದರೆ, ಇಲ್ಲೇ ಕೂತಿದ್ದೇನೆ."

ಅಮ್ಮನ ಭುಜ ಕುಣಿಯುವುದು ನಿಂತಿತು. ಆ ಹಾಳೆಯ ಇನ್ನೊಂದು ಬದಿ ನನಗೆ ಗೊತ್ತು. ಅಲ್ಲಿ ನಾಯಕ ಪ್ರೀತಿ ಎಂದರೇನು ಎಂದು ಮೂರು ಪ್ಯಾರಾ ಚಿಂತಿಸುತ್ತಾನೆ.

ಇಡೀ ಸಭೆ ಎದ್ದು ನಿಂತಿತು. ಕಲಬೆರಕೆ ಕೈಮುಗಿದು ಅಪ್ಪನನ್ನು ವೇದಿಕೆಗೆ ಕರೆದ. ಅಪ್ಪ ಕಣ್ಣೊರೆಸಿಕೊಂಡು ಮೇಲೆದ್ದರು. ನಾನೂ ಎದ್ದೆ. ಅಮ್ಮ ನನ್ನ ತೋಳು ಚಿವುಟಿದಳು.

"ಸುಮ್ನಿರೇ. ಇದು ಅವರ ದಿನ."

ನಲವತ್ತು ವರ್ಷ ಇವಳು ಸುಮ್ಮನಿದ್ದದ್ದು ಸಾಲದೇ? ಈಗ ಚಪ್ಪಾಳೆಯನ್ನೂ ಅವರೇ ಜೇಬಿಗಿಳಿಸಬೇಕೇ? ಕೈಹಿಡಿದು ಹತ್ತಿಸುವ ನೆಪದಲ್ಲಿ ಅಪ್ಪನ ಹಿಂದೆ ಓಡಿದೆ. ಮೆಟ್ಟಿಲ ಬುಡದಲ್ಲಿ ಕಿವಿಯ ಹತ್ತಿರ ಹೇಳಿಯೇಬಿಟ್ಟೆ. "ಅಪ್ಪಾ, ಒಂದು ಅಕ್ಷರಾನೂ ನಿಮ್ಮದಲ್ಲ. ಎಲ್ಲಾ ಅಮ್ಮ ಬಾಗಿಲ ಸಂದಿಯಿಂದ ತಳ್ಳಿದ ಚೀಟಿ. ನಾನು ತಪ್ಪು ಬದಿ ಕಳಿಸಿಬಿಟ್ಟೆ."

ಅಪ್ಪ ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ನೆಲದ ಮೇಲೆ ಇಟ್ಟು ನಿಂತರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಉಳಿದ ಐದು ಮೆಟ್ಟಿಲನ್ನು ಒಬ್ಬರೇ ಹತ್ತಿದರು. ಕಲಬೆರಕೆ ಕೊಟ್ಟ ನೀರಿನ ಲೋಟ ಬದಿಗಿಟ್ಟು ಮೈಕನ್ನು ಹತ್ತಿರ ಎಳೆದುಕೊಂಡರು.

"ನಮ್ಮನೇಲಿ ಇಬ್ಬರು ಬರೀತಾರೆ," ಎಂದರು. "ಒಬ್ಬರದ್ದನ್ನ ನೀವೆಲ್ಲ ಓದಿದೀರಿ. ಇನ್ನೊಬ್ಬರು ನನಗೊಬ್ಬನಿಗೇ ಬರೀತಿದ್ರು. ನಾನು ಓದ್ಲಿಲ್ಲ. ಇವತ್ತು ನೀವು ಕೇಳಿದ್ದು ಅವರದ್ದು. ಅಲ್ಲಿ ಕೂತಿದಾರೆ, ನೋಡಿ."

ಸಾವಿರ ತಲೆ ಒಟ್ಟಿಗೆ ತಿರುಗಿದವು. ಅಮ್ಮ ನಾಚಿಕೊಳ್ಳುತ್ತಾಳೆ, ಅಳುತ್ತಾಳೆ ಅಂದುಕೊಂಡೆ. ಅವಳು ಎದ್ದು, ಸೊಂಟಕ್ಕೆ ಕೈಯಿಟ್ಟು, ಕೊನೆಯ ಸಾಲಿಗೂ ಕೇಳುವಂತೆ ಕೂಗಿದಳು:

"ಓದದೇ ಇದ್ರೆ ಹೋಗ್ಲಿ, ಆ ನಲ್ಲಿ ಇನ್ನೂ ಸೋರ್ತಾ ಇದೆ!"

ಹಾಲ್ ನಕ್ಕೂ ನಕ್ಕೂ ಸುಸ್ತಾಯಿತು. ಕಲಬೆರಕೆ ಮೊದಲ ಹಾಡನ್ನು ಇನ್ನೊಮ್ಮೆ ಎತ್ತಿಕೊಂಡ, ಈ ಸಲ ಜನರೂ ಹಾಡಿದರು. ಅಪ್ಪ ತಾಳ ಹಾಕಿದರು, ತಪ್ಪಾಗಿ.

ಮರುದಿನ ಬೆಳಿಗ್ಗೆ ಅಪ್ಪ ಎಂದಿನಂತೆ ಕೋಣೆ ಹೊಕ್ಕು ಬಾಗಿಲು ಹಾಕಿಕೊಂಡರು. ಹಳೇ ಚಾಳಿ ಬಿಡುವುದುಂಟೇ ಎಂದು ನಾನು ಗೊಣಗುತ್ತಿರುವಾಗಲೇ ಬಾಗಿಲ ಸಂದಿಯಿಂದ ಒಂದು ಹಾಳೆ ಹೊರಗೆ ಬಂತು. ಅಮ್ಮ ಕನ್ನಡಕ ಹುಡುಕಿ ಓದಿದಳು. "ಪ್ಲಂಬರ್ ಹತ್ತಕ್ಕೆ ಬರುತ್ತಾನೆ. ಬಾಗಿಲಿಗೆ ಚಿಲಕ ಹಾಕಿಲ್ಲ."

ಈ ಮನೆಯ ಅಭ್ಯಾಸದಂತೆ ಅಮ್ಮ ಅದನ್ನು ಮಗುಚಿ ನೋಡಿದಳು. ಹಿಂದೆ ಏನೂ ಇರಲಿಲ್ಲ. ಅಪ್ಪ ಹೊಸ ಹಾಳೆ ತೆಗೆದಿದ್ದರು.

"ಕಾಗದ ದಂಡ," ಎಂದು ಬೈದಳು ಅಮ್ಮ. ಆಮೇಲೆ ಅದನ್ನು ನಾಲ್ಕಾಗಿ ಮಡಚಿ ಬೀರುವಿನಲ್ಲಿ ಬಟ್ಟೆಗಳ ಅಡಿ ಇಟ್ಟು, ಒಲೆ ಆರಿಸಿ, ಕೋಣೆಯ ಬಾಗಿಲು ತಳ್ಳಿಕೊಂಡು ಒಳಗೆ ಹೋದಳು.